ಉಗುರಿನ ಬಣ್ಣವೂ ಕೂಲಿಯ ಲೆಕ್ಕವೂ

"ಉಗುರಿಗೆ ಬಣ್ಣ ಹಚ್ಚಿಗೊಳ್ಳಾಕ ರೊಕ್ಕ ಐತಿ, ಕೂಲಿ ಮಾತ್ರ ಸಾಲಂಗಿಲ್ಲಂತ!"

ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನಂಥ ಊರುಗಳಲ್ಲಿ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಈ ಮಾತು ಬರುತ್ತದೆ. ಹೊಲದ ಧಣಿ ಇದನ್ನಾಡಿದರೆ ನಮಗೆ ಆಶ್ಚರ್ಯವಿಲ್ಲ. ಕೂಲಿ ಏರಿಸೆಂದು ಕೇಳಿದವರ ತಟ್ಟೆ, ಬಟ್ಟೆ, ಬೀಡಿ, ಚಹಾಗಳ ಲೆಕ್ಕ ಹಾಕುವುದು ಧಣಿಗಳ ಹಳೆಯ ಚಾಳಿ. ಈಗ ಆ ಲೆಕ್ಕ ಉಗುರಿನ ತುದಿಗೆ ಬಂದು ಮುಟ್ಟಿದೆ, ಅಷ್ಟೆ. ಆದರೆ ಕೆಂಪು ಬಾವುಟ ಹಿಡಿದು ಮೆರವಣಿಗೆಯಲ್ಲಿ ನಡೆಯುವ ನಮ್ಮವರೇ ಕೆಲವರು ಇದಕ್ಕೆ ತಲೆದೂಗುತ್ತಾರಲ್ಲ, ಅದಕ್ಕೆ ಉತ್ತರ ಕೊಡಬೇಕಾಗಿದೆ. "ಶೃಂಗಾರವೆಂಬುದು ಬಂಡವಾಳಶಾಹಿಯ ಮಾಯೆ, ದುಡಿಯುವ ಹುಡುಗಿಗೆ ಇದೆಲ್ಲ ಯಾತಕ್ಕೆ?" ಎಂದು ಇವರು ಕೇಳುತ್ತಾರೆ. ಕೇಳುವಾಗ ತಮ್ಮ ಮೀಸೆಗೆ ಕರಿ ಬಣ್ಣ ಹಚ್ಚಿರುತ್ತಾರೆ ಎಂಬುದು ಬೇರೆ ಮಾತು.

ಮೊದಲು ಲೆಕ್ಕವನ್ನೇ ಮುಗಿಸೋಣ. ಮಾನ್ವಿಯ ಫ್ಯಾನ್ಸಿ ಅಂಗಡಿಯಲ್ಲಿ ಉಗುರು ಬಣ್ಣದ ಸಣ್ಣ ಶೀಷೆ ಐವತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಸಂತೆಯಲ್ಲಿ ಅದಕ್ಕಿಂತ ಕಡಿಮೆಗೂ ದೊರೆಯುತ್ತದೆ. 2025-26ರಲ್ಲಿ ಕರ್ನಾಟಕಕ್ಕೆ ಉದ್ಯೋಗ ಖಾತರಿ ಯೋಜನೆಯಡಿ ನಿಗದಿಯಾದ ದಿನಗೂಲಿ 370 ರೂಪಾಯಿ. ದಿನಕ್ಕೆ ಎಂಟು ತಾಸೆಂದು ಹಿಡಿದರೂ ಶೀಷೆಯ ಬೆಲೆ ಒಂದು ತಾಸಿನ ದುಡಿಮೆಗೆ ಸುಮಾರಾಗಿ ಸಮ. ಅಕ್ಕತಂಗಿಯರು ಹಂಚಿಕೊಂಡರೂ ಒಂದು ಶೀಷೆ ಹಬ್ಬದಿಂದ ಜಾತ್ರೆಗೆ ಬರುತ್ತದೆ. ಇದರಿಂದ ಮನೆ ಮುಳುಗಿತೆಂದು ಹೇಳುವವರು ಮೊದಲು ಊರಿನ ಸಾರಾಯಿ ಲೆಕ್ಕ ಹಾಕಲಿ, ಆಮೇಲೆ ಹುಡುಗಿಯರ ಬೆರಳನ್ನು ನೋಡಲಿ.

ಆ ಬೆರಳನ್ನು ನಿಜವಾಗಿ ನೋಡಿದವರು ಎಷ್ಟು ಮಂದಿ?

ಒಡೆದ ಹತ್ತಿಕಾಯಿ ದೂರದಿಂದ ಮೆತ್ತಗೆ ಕಾಣುತ್ತದೆ. ಕೈ ಹಾಕಿದವರಿಗೆ ಗೊತ್ತು: ಒಣಗಿದ ಕಾಯಿಯ ಸಿಪ್ಪೆಯ ತುದಿ ಮುಳ್ಳಿನಷ್ಟೇ ಚೂಪು. ಕಿಲೋ ಲೆಕ್ಕದ ಕೂಲಿಯಾದ್ದರಿಂದ ಕೈ ನಿಧಾನ ಮಾಡುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ಸಲ ಅದೇ ಬೆರಳು ಅದೇ ತುದಿಗೆ ತಾಗಿ ಉಗುರಿನ ಬುಡದ ತೊಗಲು ಸೀಳುತ್ತದೆ. ಅಲ್ಲಿಂದ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗೆ ಬನ್ನಿ. ನಾಟಿಯ ದಿನಗಳಲ್ಲಿ ಕೈ ತಾಸುಗಟ್ಟಲೆ ಕೆಸರು ನೀರಿನಲ್ಲಿ. ನೀರಿನಲ್ಲಿ ನೆನೆದ ಉಗುರು ಮೆತ್ತಗಾಗುತ್ತದೆ, ಬುಡದ ಪೊರೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಸಂದಿಯಲ್ಲಿ ಕೆಸರು ಸೇರುತ್ತದೆ. ಬಳಿಕ ಬರುವುದೇ ಉಗುರುಸುತ್ತು. ಕೆಂಪಾಗಿ ಬಾತು ಕೀವುಗಟ್ಟಿ ರಾತ್ರಿಯೆಲ್ಲ ಮಿಡಿಯುವ ಆ ನೋವನ್ನು ಅನುಭವಿಸದ ಕೂಲಿ ಮನೆ ನಮ್ಮ ಜಿಲ್ಲೆಯಲ್ಲಿ ಇರಲಾರದು. ಇನ್ನು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಯ ಸಂಗತಿ. ಹೊಲದಲ್ಲಿ ಸೀಳಿದ ತೊಗಲಿಗೆ ಖಾರ ತಾಗಿದರೆ ಏನಾಗುತ್ತದೆಂದು ನಾವು ಬರೆದು ತಿಳಿಸಬೇಕಾಗಿಲ್ಲ. ಕೂಸಿನ ಮುಖ ಮುಟ್ಟಲಾರದೆ ಒದ್ದಾಡುವ ತಾಯಂದಿರನ್ನು ಕೇಳಿರಿ.

ಉಗುರು ಇಲ್ಲಿ ಬರಿಯ ಅಂಗವಲ್ಲ, ಹತಾರ. ಇದನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಧಾರವಾಡದ ಹತ್ತಿ ವಿಜ್ಞಾನಿ ಬಿ. ಎಚ್. ಕತರಕಿ ಅವರು 1972ರಲ್ಲಿ 'ವರಲಕ್ಷ್ಮಿ' ಎಂಬ ಸಂಕರ ಹತ್ತಿಯನ್ನು ತಂದರು; ಅದರಿಂದ ನಾಡಿನ ಹತ್ತಿಯ ಚಿತ್ರವೇ ಬದಲಾಯಿತು. ಆದರೆ ಸಂಕರ ಬೀಜ ಯಂತ್ರದಲ್ಲಿ ತಯಾರಾಗುವುದಿಲ್ಲ. ಹೂ ಅರಳುವ ಹಿಂದಿನ ದಿನ ಮಧ್ಯಾಹ್ನದ ಮೇಲೆ ಮೊಗ್ಗಿನ ಸುತ್ತ ಹೆಬ್ಬೆರಳಿನ ಉಗುರು ಊರಿ, ಒಳಗಿನ ಹೆಣ್ಣು ಭಾಗಕ್ಕೆ ಪೆಟ್ಟಾಗದಂತೆ ದಳವನ್ನೂ ಗಂಡು ಕೇಸರವನ್ನೂ ಸುಲಿದು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಒಂದೊಂದೇ ಮೊಗ್ಗು, ಒಂದೊಂದೇ ಉಗುರೇಟು. ಉತ್ತರ ಕರ್ನಾಟಕದ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ಹಿಡಿದದ್ದು ಹೆಚ್ಚಾಗಿ ಹೆಣ್ಣುಮಕ್ಕಳನ್ನು, ಶಾಲೆ ಬಿಡಿಸಿದ ಎಳೆಯರನ್ನೂ ಸಹ. ಬೀಜದ ಕಂಪನಿಗಳ ಲಾಭ ಈ ಉಗುರುಗಳ ಮೇಲೆ ನಿಂತಿತು. ಆಗ ಯಾರೂ "ಹುಡುಗಿಗೆ ಉಗುರು ಯಾತಕ್ಕೆ?" ಎಂದು ಕೇಳಲಿಲ್ಲ. ಧಣಿಗಾಗಿ ಬೆಳೆದ ಉಗುರು ಸದ್ಗುಣ, ತನಗಾಗಿ ಬಣ್ಣ ಹಚ್ಚಿದರೆ ದುರ್ಗುಣ. ಇದು ಯಾವ ನ್ಯಾಯ?

ಹೊಲದಿಂದ ಹತ್ತಿ ಗಿರಣಿಗೆ ಹೋಗುತ್ತದೆ. ರಾಯಚೂರು ಹತ್ತಿ ಮಾರುಕಟ್ಟೆಯ ಹೆಸರು ಕೇಳದವರಿಲ್ಲ. ಜಿನ್ನಿಂಗ್ ಗಿರಣಿಗಳಲ್ಲಿ ದುಡಿಯುವವರೇ ಈ ಪತ್ರಿಕೆಯ ಓದುಗರು. ಗಿರಣಿಯಲ್ಲಿ ಕೈಗೆ ಪೆಟ್ಟಾದರೆ, ಉಗುರು ಕಿತ್ತು ಬಂದರೆ, ಕೀವಾಗಿ ಎಂಟು ದಿನ ಕೆಲಸ ತಪ್ಪಿದರೆ ಇ.ಎಸ್.ಐ. ಆಸ್ಪತ್ರೆಗೆ ಹೋಗಬಹುದಲ್ಲ ಎಂದು ಬೇರೆ ಊರಿನ ಕಾರ್ಮಿಕರು ಕೇಳಿಯಾರು. ಹೋಗುವಂತಿಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯಿದೆ 'ಹಂಗಾಮಿ ಕಾರ್ಖಾನೆ'ಗಳನ್ನು ಹೊರಗಿಟ್ಟಿತು. ಹಂಗಾಮಿ ಕಾರ್ಖಾನೆ ಎಂದರೆ ಯಾವುದೆಂದು ಅದು ಪಟ್ಟಿ ಕೊಟ್ಟಿತು. ಆ ಪಟ್ಟಿಯ ಮೊದಲ ಹೆಸರೇ ಹತ್ತಿ ಜಿನ್ನಿಂಗ್. ಬಳಿಕ ಹತ್ತಿ ಒತ್ತುವುದು, ಶೇಂಗಾ ಸುಲಿಯುವುದು ಇತ್ಯಾದಿ. ನಮ್ಮ ಜಿಲ್ಲೆಯ ಗಿರಣಿಗಳನ್ನು ಎದುರಿಗಿಟ್ಟುಕೊಂಡೇ ಬರೆದಂತಿದೆ! ಎಪ್ಪತ್ತು ವರ್ಷಗಳಾದ ಮೇಲೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಯಿತು. ಅದೂ ಹಂಗಾಮಿ ಕಾರ್ಖಾನೆಯನ್ನು ಹೊರಗೇ ಇಟ್ಟಿದೆ. ಹಂಗಾಮು ಮುಗಿದರೆ ಗಿರಣಿಯ ಬಾಗಿಲು ಮುಚ್ಚಬಹುದು, ಕಾರ್ಮಿಕಳ ಕೈ ಹಂಗಾಮಿಗೊಮ್ಮೆ ಹೊಸದಾಗಿ ಬೆಳೆಯುತ್ತದೆಯೆ?

ಕೈ ತೊಳೆಯುವ ವಿಷಯದಲ್ಲಿ ಕಾಯಿದೆ ಇಷ್ಟು ಕುರುಡಾಗಿಲ್ಲ. 1948ರ ಕಾರ್ಖಾನೆ ಕಾಯಿದೆಯ 42ನೇ ಕಲಮಿನಂತೆ ಕಾರ್ಖಾನೆಯಲ್ಲಿ ತೊಳೆದುಕೊಳ್ಳಲು ಸಾಕಷ್ಟು ವ್ಯವಸ್ಥೆ ಇರಬೇಕಿತ್ತು. ಹೆಂಗಸರಿಗೆ ಪ್ರತ್ಯೇಕವಾಗಿ, ಮರೆಯಿರುವಂತೆ, ಸ್ವಚ್ಛವಾಗಿ. ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯೂ ಹೆಂಗಸರಿಗೂ ಗಂಡಸರಿಗೂ ತೊಳೆಯುವ ಅನುಕೂಲ ಇರಬೇಕೆನ್ನುತ್ತದೆ. ಕಾಗದದಲ್ಲಿ ನಲ್ಲಿ ಎಪ್ಪತ್ತೇಳು ವರ್ಷಗಳಿಂದ ಸುರಿಯುತ್ತಲೇ ಇದೆ. ನಿಮ್ಮ ಗಿರಣಿಯಲ್ಲಿ?

ಇನ್ನು ಆ ಶೀಷೆಯೊಳಗೆ ಏನಿದೆ ಎಂಬುದನ್ನು ನೋಡೋಣ. ಇದು ಹೆಚ್ಚಿನವರಿಗೆ ತಿಳಿಯದ ಸಂಗತಿ. ತಿಳಿದ ಮೇಲೆ ಯಾರೂ ಉಗುರು ಬಣ್ಣವನ್ನು ಪರದೇಶದ ಮಾಯೆ ಎನ್ನಲಾರರು. ಗಿರಣಿಯಲ್ಲಿ ಅರಳೆ ಬೇರೆಯಾದ ಮೇಲೂ ಹತ್ತಿಕಾಳಿಗೆ ಗಿಡ್ಡ ಎಳೆ ಅಂಟಿಕೊಂಡೇ ಉಳಿಯುತ್ತದೆ. ಎಣ್ಣೆ ಗಿರಣಿಗೆ ಹೋದಾಗ ಅದನ್ನು ಕೆರೆದು ತೆಗೆಯುತ್ತಾರೆ. ಅದಕ್ಕೆ ಲಿಂಟರ್ ಎನ್ನುವರು. ಅಂಥ ಹತ್ತಿಯೆಳೆಯನ್ನಾಗಲಿ ಮರದ ತಿರುಳನ್ನಾಗಲಿ ನೈಟ್ರಿಕ್ ಆಮ್ಲದಲ್ಲಿ ಪಳಗಿಸಿದರೆ ನೈಟ್ರೋಸೆಲ್ಯುಲೋಸ್ ಎಂಬ ಪದಾರ್ಥ ದೊರೆಯುತ್ತದೆ. 1846ರಲ್ಲಿ ಬಾಸೆಲ್ ಪಟ್ಟಣದ ರಸಾಯನಶಾಸ್ತ್ರಜ್ಞ ಶೋನ್‌ಬೈನ್ ಇದನ್ನು ಕಂಡುಹಿಡಿದಾಗ ದೊರೆಗಳು ಹಿಗ್ಗಿದರು, ಯಾಕೆಂದರೆ ಅದು ತೋಪಿನ ಮದ್ದಾಗಿ ಸಿಡಿಯುತ್ತಿತ್ತು. 1920ರ ದಶಕದಲ್ಲಿ ಅದನ್ನೇ ದ್ರಾವಣದಲ್ಲಿ ಕರಗಿಸಿ ಮೋಟಾರು ಗಾಡಿಗಳಿಗೆ ಬಣ್ಣವಾಗಿ ಬಳಿದರು. ಮೋಟಾರಿನ ಮೈಯಿಂದ ಅದು ಉಗುರಿಗೆ ಬಂತು. 1932ರಲ್ಲಿ ಅಮೆರಿಕದಲ್ಲಿ ಹುಟ್ಟಿದ ರೆವ್ಲಾನ್ ಕಂಪನಿ ಮೊದಲು ಮಾರಿದ್ದೇ ಉಗುರು ಬಣ್ಣವನ್ನು. ಇಂದಿಗೂ ಐವತ್ತು ರೂಪಾಯಿಯ ಶೀಷೆಯಲ್ಲಿ ಒಣಗಿ ಹೊಳೆಯುವ ಪೊರೆ ಸಾಮಾನ್ಯವಾಗಿ ಇದೇ ನೈಟ್ರೋಸೆಲ್ಯುಲೋಸ್.

ಹತ್ತಿ ಬಿಡಿಸಿ ಉಗುರು ಸೀಳಿಕೊಂಡವಳು ಹತ್ತಿಯ ರಸವನ್ನೇ ಆ ಉಗುರಿಗೆ ಹಚ್ಚಿಕೊಂಡರೆ ಅವಳಿಗೆ ಅದರ ಮೇಲೆ ಯಾವ ಅಧಿಕಾರವೂ ಇಲ್ಲವೆ? ನಮ್ಮ ಮತದಲ್ಲಿ ಗಿರಣಿ ಮಾಲೀಕನ ಮಡದಿಗಿಂತ ಅವಳ ಅಧಿಕಾರವೇ ದೊಡ್ಡದು.

ಆದರೆ ದಿಲ್ಲಿಯ ಸರಕಾರದ ಮತ ಬೇರೆ. ಅದರ ಮತವನ್ನು ತೆರಿಗೆಯ ಪಟ್ಟಿಯಲ್ಲಿ ಓದಬಹುದು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಸೌಂದರ್ಯ ಸಾಮಗ್ರಿಗೆ ನೂರಕ್ಕೆ 28 ಹಾಕಿದರು. ಆ ವರ್ಷದ ನವೆಂಬರಿನಲ್ಲಿ 18ಕ್ಕೆ ಇಳಿಸಿದರು. 2025ರ ಸೆಪ್ಟೆಂಬರ್ 22ರಿಂದ ಮೈ ಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಮುಖದ ಪೌಡರುಗಳನ್ನು 5ಕ್ಕೆ ತಂದರು. ಒಳ್ಳೆಯದೇ, ಇದನ್ನು ನಾವು ಸ್ವಾಗತಿಸುತ್ತೇವೆ. ಉಗುರು ಬಣ್ಣ ಮಾತ್ರ 18ರಲ್ಲೇ ನಿಂತಿತು. ಐವತ್ತರ ಶೀಷೆಯಲ್ಲಿ ಏಳು ರೂಪಾಯಿ ಅರವತ್ತಮೂರು ಪೈಸೆ ತೆರಿಗೆ. ಚಿನ್ನದ ಆಭರಣಕ್ಕೆ ಎಷ್ಟು ಗೊತ್ತೆ? ನೂರಕ್ಕೆ 3. ಒಂದು ಲಕ್ಷದ ಬಂಗಾರ ಕೊಂಡ ಸಾಹುಕಾರ ಮೂರು ಸಾವಿರ ಕಟ್ಟಿ ಎದ್ದು ಬರುತ್ತಾನೆ. ಕೂಲಿ ಹುಡುಗಿಯ ಶೀಷೆಯ ದರ ಅವನಿಗೂ ಬಿದ್ದಿದ್ದರೆ ಹದಿನೆಂಟು ಸಾವಿರ ಕಟ್ಟಬೇಕಿತ್ತು. ಬಂಗಾರ ಉಳಿತಾಯ, ಬಣ್ಣ ದುಂದು ಎಂದು ಅರ್ಥಶಾಸ್ತ್ರಿಗಳು ಹೇಳಿಯಾರು. ಉಳಿಸಲು ಕೈಯಲ್ಲಿ ಉಳಿದವರಿಗೆ ರಿಯಾಯಿತಿ, ಏನೂ ಉಳಿಯದವಳಿಗೆ ಆರು ಪಟ್ಟು ದರ. ಇದೇ ಅವರ ಅರ್ಥಶಾಸ್ತ್ರ.

ಇನ್ನೊಂದು ತಮಾಷೆ. ಕುಂಕುಮ, ಬಿಂದಿ, ಸಿಂಧೂರ, ಗಾಜಿನ ಬಳೆಗಳಿಗೆ ತೆರಿಗೆಯೇ ಇಲ್ಲ. ಬಂಗಾಳದ ಹೆಂಗಸರೂ ನೃತ್ಯಗಾತಿಯರೂ ಪಾದದ ಅಂಚಿಗೆ ಬಳಿಯುವ ಆಲ್ತಾ ಎಂಬ ಕೆಂಪು ನೀರಿಗೂ ಇಲ್ಲ. ಪಾದದ ಅಂಚಿಗೆ ಕೆಂಪು ಬಳಿದರೆ ಸಂಸ್ಕೃತಿ. ಅರ್ಧ ಅಂಗುಲ ಈಚೆ ಬಂದು ಕಾಲುಗುರಿಗೆ ಬಳಿದರೆ ಅದು ಭೋಗ, ನೂರಕ್ಕೆ ಹದಿನೆಂಟು ತೆತ್ತು ಬಾ! ಕುಂಕುಮಕ್ಕೆ ತೆರಿಗೆ ಹಾಕಿರೆಂದು ನಾವು ಹೇಳುತ್ತಿಲ್ಲ. ಯಾವ ಹೆಂಗಸು ಎಲ್ಲಿ ಎಂಥ ಬಣ್ಣ ಹಚ್ಚಿಕೊಂಡರೆ ಸರಿ ಎಂದು ತೀರ್ಮಾನಿಸಲು ಇವರಾರು? ಮುಟ್ಟಿನ ಬಟ್ಟೆಗೂ 12 ತೆರಿಗೆ ಹಾಕಿ, ನಾಡೆಲ್ಲ ಕೂಗೆದ್ದ ಮೇಲೆ 2018ರ ಜುಲೈಯಲ್ಲಿ ತೆಗೆದವರು ಇವರೇ ಅಲ್ಲವೆ?

ಈಗ ನಮ್ಮ ಸಂಗಾತಿಗಳ ಮಾತಿಗೆ ಬರುತ್ತೇವೆ. ಶೃಂಗಾರದ ವ್ಯಾಪಾರದಲ್ಲಿ ಶೋಷಣೆ ಇಲ್ಲವೆಂದು ನಾವು ಹೇಳುವುದಿಲ್ಲ, ಇದೆ, ಹೇರಳವಾಗಿದೆ. ಅದು ಬೇರೆ ಕಡೆ ಇದೆ. ಡಾ. ರಾಮಮನೋಹರ ಲೋಹಿಯಾ ಅವರು ಸೌಂದರ್ಯ ಮತ್ತು ಚರ್ಮದ ಬಣ್ಣದ ಮೇಲೆ ಒಂದು ಲೇಖನವನ್ನೇ ಬರೆದರು. ಬಿಳಿ ಚರ್ಮವೇ ಚೆಲುವು ಎಂಬ ರುಚಿ ಆಕಾಶದಿಂದ ಇಳಿದದ್ದಲ್ಲ, ಬಿಳಿಯರು ಲೋಕವನ್ನಾಳಿದ್ದರಿಂದ ಬಂದದ್ದು ಎಂದು ಅವರು ವಾದಿಸಿದರು. ಪಕ್ಷದ ಠರಾವುಗಳ ನಡುವೆ ಇಂಥದ್ದನ್ನು ಬರೆಯಲು ಅವರಿಗೆ ಸಂಕೋಚವೆನಿಸಲಿಲ್ಲ. ನಮ್ಮವರಿಗೆ ಉಗುರಿನ ಮಾತೆತ್ತಿದರೆ ನಗೆ ಬರುತ್ತದೆ!

ಲೋಹಿಯಾ ತೀರಿಕೊಂಡದ್ದು 1967ರಲ್ಲಿ. ಹಿಂದೂಸ್ತಾನ್ ಲೀವರ್ ಕಂಪನಿ ಮುಖ ಬಿಳಿ ಮಾಡುವೆನೆಂದು 'ಫೇರ್ ಅಂಡ್ ಲವ್ಲಿ' ತಂದದ್ದು 1975ರಲ್ಲಿ. ನಲವತ್ತೈದು ವರ್ಷ ಅದು ಕಪ್ಪು ಹುಡುಗಿಗೆ ಕೆಲಸವಿಲ್ಲ, ಗಂಡಿಲ್ಲ ಎಂದು ಹೆದರಿಸಿ ಮಾರಿತು. 2020ರಲ್ಲಿ ಅಮೆರಿಕದ ಕರಿಯರ ಚಳವಳಿಯ ಕಾವು ತಾಗಿದಾಗ ಹೆಸರಿನಿಂದ 'ಫೇರ್' ಕಿತ್ತು 'ಗ್ಲೋ' ಅಂಟಿಸಿತು. ಬಿಸಿಲಿನಲ್ಲಿ ಬೆಂದು ದುಡಿಯುವ ಮಂದಿಯ ಊರಿನಲ್ಲಿ ಮೈಬಣ್ಣಕ್ಕೆ ನಾಚಿಕೆಯನ್ನು ಬಿತ್ತುವುದೇ ಈ ದಂಧೆಯ ಬಂಡವಾಳ.

ಕಂಪನಿಯ ಡಬ್ಬಿಗಿಂತ ಭಯಂಕರವಾದದ್ದು ಇನ್ನೊಂದಿದೆ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೈಗೆ ಬರುವ ಸ್ಟೀರಾಯ್ಡ್ ಮುಲಾಮು. ಕಜ್ಜಿ, ಇಸುಬುಗಳಿಗೆ ವೈದ್ಯರು ಕೊಡಬೇಕಾದ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಬೆರೆತ ಟ್ಯೂಬನ್ನು 'ಬೆಳ್ಳಗಾಗುವ ಕ್ರೀಮು' ಎಂದು ಮುಖಕ್ಕೆ ಹಚ್ಚುತ್ತಾರೆ. ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ. ಆಮೇಲೆ ತೊಗಲು ತೆಳ್ಳಗಾಗಿ ರಕ್ತನಾಳ ಕಾಣುತ್ತದೆ, ಮೊಡವೆ ಏಳುತ್ತದೆ, ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಇನ್ನೂ ಕೆಂಪಾಗುತ್ತದೆಂದು ಬಿಡಲಾರದೆ ಮತ್ತೆ ಕೊಳ್ಳುತ್ತಾರೆ. 2018ರ ಮಾರ್ಚಿನಲ್ಲಿ ಸರಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಇದಕ್ಕೂ ಕೀಳಾದದ್ದು ಊರುಪೇರಿಲ್ಲದ ಡಬ್ಬಿಗಳ ಕ್ರೀಮು, ಅದರಲ್ಲಿ ಪಾದರಸವಿರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ರೋಗ ಬಂದದ್ದನ್ನು ವೈದ್ಯರು ಗುರುತಿಸಿದರು.

ನಿಮ್ಮ ಸಿಟ್ಟೆಲ್ಲ ಇಲ್ಲಿ ತಿರುಗಲಿ ಎಂದು ಸಂಗಾತಿಗಳನ್ನು ಕೇಳಿಕೊಳ್ಳುತ್ತೇವೆ. ಉಗುರಿಗೆ ಹಚ್ಚುವ ಬಣ್ಣ ಯಾರನ್ನೂ ಕೀಳೆನ್ನುವುದಿಲ್ಲ. ಕಪ್ಪು ಕೈಯ ಮೇಲೆ ಕೆಂಪು ಬಣ್ಣ ಕೆಂಪಾಗಿಯೇ ಕಾಣುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಬಿಳುಪಿನ ಕ್ರೀಮು ಮಾತ್ರ ಹಚ್ಚಿಕೊಂಡವಳಿಗೆ ಅವಳ ತಾಯಿಯ ಬಣ್ಣ ಕೆಟ್ಟದ್ದೆಂದು ದಿನಾ ಬೆಳಿಗ್ಗೆ ಹೇಳುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಬೈಯುವುದು ಸಮಾಜವಾದವಲ್ಲ, ಸೋಮಾರಿತನ.

ವ್ಯಾಪಾರಿ ಬಂಧುಗಳಿಗೂ ನಾಲ್ಕು ಮಾತು. ಒಂದು ಪೊಟ್ಟಣ ಶಾಂಪೂ ನಮ್ಮ ಕಿರಾಣಿ ಅಂಗಡಿಯಲ್ಲಿ ತೋರಣದಂತೆ ನೇತಾಡುವುದು ಯಾರ ಬುದ್ಧಿಯಿಂದ? ಲೀವರಿನ ಬುದ್ಧಿಯಿಂದಲ್ಲ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಎಂಬ ಸಣ್ಣ ಉದ್ದಿಮೆದಾರರು ಸಾಮಾನ್ಯ ಮಂದಿಗೆ ಎಟುಕುವಂತೆ ಪೊಟ್ಟಣ ಕಟ್ಟುವ ದಾರಿ ಹುಡುಕಿದರು; ಅವರ ಮಗ ರಂಗನಾಥನ್ 1983ರಲ್ಲಿ ಹದಿನೈದು ಸಾವಿರ ರೂಪಾಯಿಯೊಡನೆ 'ಚಿಕ್' ಶಾಂಪೂ ಆರಂಭಿಸಿದರು. ದೊಡ್ಡ ಕಂಪನಿಗಳು ಆಮೇಲೆ ಓಡಿ ಬಂದವು. ಪೊಟ್ಟಣದ ಶಾಂಪೂ ತೂಕಕ್ಕೆ ಶೀಷೆಗಿಂತ ತುಟ್ಟಿಯೆಂದು ನಮ್ಮವರು ಭಾಷಣದಲ್ಲಿ ಹೇಳುವುದುಂಟು. ನಮ್ಮ ದೇಶದಲ್ಲಿ ಎಷ್ಟೋ ಸಲ ಅದು ಅಗ್ಗವೇ ಇರುತ್ತದೆ. ಕೊಳ್ಳುವವಳು ಲೆಕ್ಕ ಬಲ್ಲಳು, ಅವಳಿಗೆ ಪಾಠ ಬೇಡ. ನೋಡಬೇಕಾದದ್ದು ಅಂಗಡಿಯವನಿಗೆ ಉಳಿಯುವುದನ್ನು. ಪಟ್ಟಣದ ದೊಡ್ಡ ಮಳಿಗೆಗೂ ಫೋನಿನಲ್ಲಿ ಮಾರುವವರಿಗೂ ಕಂಪನಿ ಕೊಡುವ ರಿಯಾಯಿತಿ ಹಿರೇಕೊಟ್ನೆಕಲ್ಲಿನ ಅಂಗಡಿಗೆ ಸಿಗುವುದುಂಟೆ? 2022ರ ಆರಂಭದಲ್ಲಿ ಮಹಾರಾಷ್ಟ್ರದ ವಿತರಕರು ಇದೇ ಪ್ರಶ್ನೆ ಎತ್ತಿ ದೊಡ್ಡ ಕಂಪನಿಯ ಮಾಲು ನಿಲ್ಲಿಸಿದ್ದರು. ಅಂದರೆ ಗಲ್ಲೆಯ ಈಚೆ ನಿಂತ ಹುಡುಗಿಯೂ ಆಚೆ ಕುಳಿತ ಅಂಗಡಿಕಾರನೂ ಎದುರಾಳಿಗಳಲ್ಲ.

ಆ ನಂಟು ಉಳಿಯಬೇಕಾದರೆ ಅಂಗಡಿಯವನೂ ಒಂದು ಕೆಲಸ ಮಾಡಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಶೀಷೆಯ ಮೇಲಾಗಲಿ ಡಬ್ಬಿಯ ಮೇಲಾಗಲಿ ತಯಾರಿಸಿದವರ ಹೆಸರು, ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು, ಎಂದಿನೊಳಗೆ ಬಳಸಬೇಕೆಂಬ ತಾರೀಖು ಇರಬೇಕು. ಇಲ್ಲದ ಮಾಲು ಎಷ್ಟೇ ಲಾಭ ಕೊಟ್ಟರೂ ಇಡಬೇಡಿ. ಊರ ಹುಡುಗಿಯ ಮುಖ ಸುಟ್ಟರೆ ಆ ಹೆಸರಿಲ್ಲದ ಕಾರ್ಖಾನೆಯವನು ಬರುವುದಿಲ್ಲ, ನೀವೇ ಉತ್ತರ ಕೊಡಬೇಕು. ಅಗ್ಗ ಬೇರೆ, ಕಳಪೆ ಬೇರೆ. ಬಡವರಿಗೆ ಅಗ್ಗದ್ದು ಬೇಕು, ಕಳಪೆ ಬೇಡ.

ಉಗುರಿನ ಆರೈಕೆಗೆ ಹೆಚ್ಚು ದುಡ್ಡು ಬೇಡವೇ ಬೇಡ. ಬ್ಯೂಟಿ ಪಾರ್ಲರಿನ ಬೋರ್ಡಿನಲ್ಲಿ ಬರೆದ ಹೆಸರುಗಳಿಗೆ ಹೆದರಬೇಡಿ. ಒಂದು ನೇಲ್ ಕಟರ್, ಸೋಪು, ಅಡಿಗೆ ಮನೆಯ ಎಣ್ಣೆ, ಇಷ್ಟೇ. ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ನೇರವಾಗಿ ಕತ್ತರಿಸಿರಿ. ಮೂಲೆಗಳನ್ನು ಆಳಕ್ಕೆ ಕೊರೆಯಬೇಡಿ, ಕಾಲುಗುರಿನಲ್ಲಂತೂ ಕೊರೆದ ಮೂಲೆ ಮಾಂಸದೊಳಕ್ಕೆ ಬೆಳೆಯುತ್ತದೆ. ಬುಡದಲ್ಲಿ ತೆಳ್ಳಗಿನ ಪೊರೆಯೊಂದಿದೆ. ಪಾರ್ಲರಿನವರು ಅದನ್ನು ಕತ್ತರಿಸಿ ನುಣುಪು ಮಾಡುತ್ತಾರೆ. ಗದ್ದೆಗೆ ಇಳಿಯುವವರು ಅದನ್ನು ಎಂದೂ ಕತ್ತರಿಸಬಾರದು. ಕೆಸರು ಒಳಗೆ ಹೋಗದಂತೆ ತಡೆಯುವ ಬಾಗಿಲೇ ಅದು. ಕೆಲಸದಿಂದ ಬಂದು ಕೈ ತೊಳೆದು, ಬೆರಳ ಸಂದಿಯ ನೀರನ್ನೂ ಒರೆಸಿ, ಮಲಗುವಾಗ ಕೊಬ್ಬರಿ ಎಣ್ಣೆ, ಇಲ್ಲವೆ ಕುಸುಬಿ ಎಣ್ಣೆ, ಇಲ್ಲವೆ ಔಷಧಿ ಅಂಗಡಿಯ ಸಾದಾ ವ್ಯಾಸಲೀನು ಉಗುರಿನ ಬುಡಕ್ಕೆ ತಿಕ್ಕಿರಿ. ನೂರಾರು ರೂಪಾಯಿಯ 'ನೇಲ್ ಸೀರಮ್' ಎನ್ನುವುದೂ ಹೆಚ್ಚಾಗಿ ಎಣ್ಣೆಯೇ.

ಉಗುರುಸುತ್ತು ಆರಂಭವಾದರೆ ಉಪ್ಪು ಹಾಕಿದ ಬೆಚ್ಚನೆಯ ನೀರಿನಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಬೆರಳನ್ನು ಅದ್ದಿ ಒಣಗಿಸಬೇಕು. ಬೆರಳಿಗೆ ನಿಂಬೆಹಣ್ಣು ಚುಚ್ಚಿಕೊಂಡು ತಿರುಗುವ ರೂಢಿ ನಮ್ಮಲ್ಲಿದೆ. ತೊಗಲು ಒಡೆದಿದ್ದರೆ ಅದು ಉರಿಯನ್ನೇ ಹೆಚ್ಚಿಸುತ್ತದೆ. ಕೀವು ತುಂಬಿದರೆ, ಕೆಂಪು ಮೇಲಕ್ಕೆ ಹರಿದರೆ, ಸಕ್ಕರೆ ಕಾಯಿಲೆ ಇದ್ದರೆ ಮನೆಮದ್ದು ಸಾಕು, ಆಸ್ಪತ್ರೆಗೆ ನಡೆಯಿರಿ. ಸೂಜಿ ಹಾಕಿ ನೀವೇ ಒಡೆಯಬೇಡಿ. ಹೋಗುವ ಮೊದಲು ಬಣ್ಣ ಒರೆಸಿ ಹೋಗಿರಿ, ವೈದ್ಯರಿಗೆ ಉಗುರು ಕಾಣಲಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರವೂ ಗಾಢ ಬಣ್ಣದ ಕೆಳಗೆ ತಪ್ಪು ತೋರಿಸಬಹುದು. ಕಿತ್ತುಹೋದ ಕೈಯುಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರು ಬೆಳೆದು ಪೂರ್ತಿ ಬರಲು ಆರು ತಿಂಗಳು ಬೇಕು. ಒಂದು ಹಂಗಾಮಿನ ಗಾಯ ಮುಂದಿನ ಹಂಗಾಮಿನವರೆಗೆ ಉಳಿಯುತ್ತದೆಂದಾಯಿತು.

ಗೋರಂಟಿಯ ಮಾತೂ ಬಂದುಬಿಡಲಿ. ಹಿತ್ತಲ ಗಿಡದ ಎಲೆ ಅರೆದು ಹಚ್ಚಿದ್ದರಿಂದ ಕೇಡಿಲ್ಲ. ಜಾತ್ರೆಯಲ್ಲಿ ಮಾರುವ ಕಪ್ಪು ಗೋರಂಟಿಯ ಕೋನು ಬೇರೆ. ಕೂದಲಿನ ಬಣ್ಣಕ್ಕೆ ಹಾಕುವ ರಾಸಾಯನಿಕವನ್ನು ಅದರಲ್ಲಿ ಬೆರೆಸುವುದುಂಟು, ಕೈಯೆಲ್ಲ ಗುಳ್ಳೆ ಏಳಬಹುದು. ಪಟ್ಟಣದಲ್ಲಿ ಈಗ ದೀಪದ ಕೆಳಗೆ ಗಟ್ಟಿಮಾಡುವ 'ಜೆಲ್' ಬಣ್ಣದ ಹುಚ್ಚು ಬಂದಿದೆ. ಅದರಲ್ಲಿ ಬಳಸುತ್ತಿದ್ದ ಟಿ.ಪಿ.ಓ. ಎಂಬ ಪದಾರ್ಥವನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿತು. ಹಚ್ಚಿಸಿಕೊಂಡವಳು ಹದಿನೈದು ದಿನಕ್ಕೊಮ್ಮೆ ಹಚ್ಚಿಸಿಕೊಂಡಾಳು. ಪಾರ್ಲರಿನಲ್ಲಿ ದುಡಿಯುವ ಹುಡುಗಿ ದಿನವಿಡೀ ಅದರ ವಾಸನೆ ಕುಡಿಯುತ್ತಾಳೆ. ಅವಳೂ ಕಾರ್ಮಿಕಳೇ ಎಂಬುದು ನಮ್ಮ ಸಂಘಗಳಿಗೆ ಇನ್ನೂ ಹೊಳೆದಿಲ್ಲ.

ಕೊನೆಗೆ ನಮ್ಮದೇ ರಾಜ್ಯದ ಕಾರ್ಖಾನೆಯ ವಿಷಯ. 1916ರಲ್ಲಿ ಬೆಂಗಳೂರಿನಲ್ಲಿ ಶ್ರೀಗಂಧದ ಎಣ್ಣೆ ತೆಗೆಯಲು ಆರಂಭಿಸಿ, 1918ರಲ್ಲಿ ಸೋಪು ಮಾಡಿದ ಸರಕಾರಿ ಉದ್ದಿಮೆ ಇ‍ಂದಿಗೂ ಲಾಭದಲ್ಲಿ ನಡೆಯುತ್ತಿದೆ. ಖಾಸಗಿಯವರು ಬಿಟ್ಟುಹೋಗುವುದನ್ನು ನಾವು ಬಲ್ಲೆವು: ಟಾಟಾದವರು 1952ರಲ್ಲಿ ಕಟ್ಟಿದ ಲ್ಯಾಕ್ಮೆ 1998ರಲ್ಲಿ ಲೀವರಿನ ಹೊಟ್ಟೆ ಸೇರಿತು. ಮೈಸೂರು ಸ್ಯಾಂಡಲ್ ಜನರ ಆಸ್ತಿಯಾಗಿ ಉಳಿದಿದೆ. ಅದು ನಮಗೆ ಹೆಮ್ಮೆ. ಆದರೆ 2025ರ ಮೇ ತಿಂಗಳಲ್ಲಿ ಈ ಜನರ ಆಸ್ತಿ ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷದ ಜಾಹೀರಾತಿಗೆ 6 ಕೋಟಿ 20 ಲಕ್ಷ ರೂಪಾಯಿಗೆ ಗೊತ್ತುಮಾಡಿತು. ನಟಿ ಕನ್ನಡದವರಲ್ಲವೆಂದು ಕೆಲವರು ಕೂಗಾಡಿದರು. ನಮ್ಮ ತಕರಾರು ಅದಲ್ಲ. ಕನ್ನಡದ ನಟಿಯೇ ಆಗಿದ್ದರೂ 370ರ ದರದಲ್ಲಿ ಅದು ಒಂದು ಲಕ್ಷದ ಅರವತ್ತೇಳು ಸಾವಿರಕ್ಕೂ ಮಿಕ್ಕಿದ ದಿನಗೂಲಿ. ಆ ದುಡ್ಡಿನ ಒಂದು ಪಾಲಿನಲ್ಲಿ ದುಡಿಯುವ ಕೈಕಾಲಿಗೆ ಹಚ್ಚುವ ಒಂದು ಸಾದಾ ಮುಲಾಮು ತಯಾರಿಸಿ ನ್ಯಾಯಬೆಲೆ ಅಂಗಡಿಯಲ್ಲಿ ಇಡಬಾರದೆ? ಗಂಧದ ವಾಸನೆ ಇಲ್ಲದಿದ್ದರೂ ಚಿಂತೆಯಿಲ್ಲ. ಕಾರ್ಖಾನೆಯ ಮಾಲಿನ ಬೆಲೆ ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟನ್ನು ಮೀರಬಾರದು ಎಂಬುದು ಲೋಹಿಯಾ ಅವರ 'ದಾಮ್ ಬಾಂಧೋ' ಚಳವಳಿಯ ಬೇಡಿಕೆ. ಖಾಸಗಿ ಕಂಪನಿಗಳು ಕೇಳಲಾರವು. ಸರಕಾರದ ಕಾರ್ಖಾನೆಯಾದರೂ ಒಂದು ಡಬ್ಬಿಯ ಮೇಲೆ ಅದನ್ನು ಮಾಡಿ ತೋರಿಸಲಿ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಉಗುರು ಬಣ್ಣದ ತೆರಿಗೆ ಸೋಪಿನ ಸಮಕ್ಕೆ, 5ಕ್ಕೆ ಇಳಿಯಬೇಕು. ಜಿನ್ನಿಂಗ್ ಗಿರಣಿಗಳನ್ನು ಇ.ಎಸ್.ಐ. ಹೊರಗಿಡುವ ಹಂಗಾಮಿ ಕಾರ್ಖಾನೆಯ ಕಲಮು ರದ್ದಾಗಬೇಕು. ನಾಟಿಗೆ, ಹತ್ತಿ ಬಿಡಿಸಲಿಕ್ಕೆ ಕರೆಯುವವರು ಕೈಗವಸು ಕೊಡಬೇಕು. ಕೈಗವಸಿನಲ್ಲಿ ಕೆಲಸ ನಿಧಾನವಾಗುತ್ತದೆಂದರೆ ಕಿಲೋಕ್ಕೆ ಕೂಲಿ ಏರಿಸಬೇಕು, ಅದರ ಭಾರವನ್ನು ಕೂಲಿಯವಳ ಮೇಲೆ ಹಾಕುವಂತಿಲ್ಲ. ಔಷಧಿ ಪರಿವೀಕ್ಷಕರು ರಾಯಚೂರಿನ ಕಚೇರಿಯಿಂದೆದ್ದು ಮಾನ್ವಿ, ದೇವದುರ್ಗಗಳ ಅಂಗಡಿಗಳಲ್ಲಿ ಬಿಳುಪಿನ ಮುಲಾಮುಗಳನ್ನು ತಪಾಸಣೆ ಮಾಡಬೇಕು.

ಗಿರಣಿ ಕಾರ್ಮಿಕರಲ್ಲಿ ಒಂದು ವಿನಂತಿ. ಈ ಹಂಗಾಮಿನಲ್ಲಿ ನಿಮ್ಮ ಗಿರಣಿಯೊಳಗೆ ಹೆಂಗಸರಿಗೆ ಮರೆಯಿರುವ ನಲ್ಲಿ ಇದೆಯೆ, ನೀರು ಬರುತ್ತದೆಯೆ, ಸೋಪು ಇಡುತ್ತಾರೆಯೆ ಎಂಬುದನ್ನು ನೋಡಿ ಕಾರ್ಡು ಬರೆದು ಪತ್ರಿಕೆಯ ಕಚೇರಿಗೆ ಕಳಿಸಿರಿ. ಬರೆದವರ ಹೆಸರು ಹೊರಗೆ ಬಾರದು. ಗಿರಣಿಗಳ ಪಟ್ಟಿಯನ್ನು ವಿವರಗಳೊಡನೆ ಕಾರ್ಮಿಕ ಇಲಾಖೆಗೆ ಒಪ್ಪಿಸುತ್ತೇವೆ, ಇಲ್ಲಿಯೂ ಅಚ್ಚು ಹಾಕುತ್ತೇವೆ.